ಆಪಾ ಬರೆಸಿದ ಮೇಲ್

ಆಪಾರ ಬಲಗೈ ಹೆಬ್ಬೆರಳು ಯಾವಾಗ ನೋಡಿದರೂ ಕೆಂಪಗಿರುತ್ತಿತ್ತು. ಹೊಸಬರು ಅದನ್ನು ಮೆಹಂದಿ ಎಂದುಕೊಳ್ಳುತ್ತಿದ್ದರು. ಅದು ಸೀರೆಯ ಬಣ್ಣ. ನೇಕಾರರು ಸೀರೆ ತಂದು ಮುಂದಿಟ್ಟರೆ ಆಪಾ ಅಂಚಿನ ದಡಿ ನೋಡುವ ಮೊದಲು ಸೆರಗು ಬಿಚ್ಚುತ್ತಿದ್ದರು. ಬಟ್ಟಲಿನ ನೀರಿನಲ್ಲಿ ಹೆಬ್ಬೆರಳು ಅದ್ದಿ, ಸೆರಗಿನ ಕೆಂಪು ರೇಷ್ಮೆಯ ಮೇಲೆ ಇಟ್ಟು ಗಸಗಸ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆರಳಿಗೆ ಕೆಂಪು ಹತ್ತಿದರೆ ಆ ಸೀರೆ ಮೊದಲ ತೊಳೆತಕ್ಕೇ ಬಣ್ಣ ಬಿಟ್ಟು ಸೆರಗಿನ ಬಿಳಿ ಗೆರೆಗಳನ್ನೆಲ್ಲ ಕೆಡಿಸುತ್ತದೆ ಎಂದು ಅರ್ಥ. ಪರೀಕ್ಷೆ ಮುಗಿದ ಮೇಲೆ ಅದೇ ಕೈಯಲ್ಲಿ ನನ್ನ ಕೆನ್ನೆ ಹಿಂಡುತ್ತಿದ್ದರು. ಕೆನ್ನೆಯ ಮೇಲೆ ಕೆಂಪು ಗುರುತು ಹೊತ್ತು ಮನೆಗೆ ಹೋಗಿ ಅವ್ವನಿಂದ ಬೈಸಿಕೊಂಡದ್ದಿದೆ.

ನೇಕಾರರಿಂದ ಸೀರೆ ಕೊಂಡು ಹೊರಗಿನ ಅಂಗಡಿಗಳಿಗೆ ಮಾರುವ ಸಂಘವೊಂದರ ಇಳಕಲ್ ಶಾಖೆಗೆ ಆಪಾ ಮ್ಯಾನೇಜರು. ದೊಡ್ಡ ಕಚೇರಿ ಬಾಗಲಕೋಟೆಯ ನವನಗರದಲ್ಲಿತ್ತು. ಆಪಾ ಬಿ.ಕಾಂ. ಓದಿದವರು, ಗಂಡ ಬೇಗ ತೀರಿಕೊಂಡದ್ದರಿಂದ ತಮ್ಮನ ಮನೆಯಲ್ಲಿದ್ದರು. ಅವರಿಗಿಂತ ಹಿರಿಯರಾದ ನಮ್ಮ ಚೇರ್ಮನ್ನರು ಕೂಡ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು. ಅಕ್ಕನನ್ನು ಆಪಾರ ಮನೆಯಲ್ಲಿ ಹಾಗೆ ಕರೆಯುತ್ತಾರೆ. ಊರು ಅದನ್ನು ಹಾಗೇ ಎತ್ತಿಕೊಂಡಿತ್ತು.

ನಾನು ಆ ಶಾಖೆಗೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದ್ದು ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ. ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ನೇಕಾರ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುತ್ತಿದ್ದ ಎರಡನೆಯ ವಿದ್ಯೆ ಎಂದರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು. ಅದನ್ನು ಬಿಟ್ಟು ಕುರ್ಚಿಯ ಮೇಲೆ ಕೂತು ಪಗಾರ ತಂದವಳು ನಾನೊಬ್ಬಳೇ. ಅದೂ ಆರು ತಿಂಗಳಿಗೊಮ್ಮೆ ಮುಂದುವರಿಸುವ ನೌಕರಿ. ಹಾಗಾಗಿ ಮೊದಲ ದಿನ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಆಪಾ ನನ್ನ ಸರ್ಟಿಫಿಕೇಟಿನ ಕಡೆ ಕಣ್ಣೂ ಹಾಯಿಸದೆ ಕೇಳಿದ್ದು ಒಂದೇ ಪ್ರಶ್ನೆ.

"ಮುಂಜಾನಿ ಹೊಟ್ಟಿಗೇನ್ ಹಾಕ್ಕೊಂಡ್ ಬಂದಿ ತಂಗಿ?"

ಅವರಲ್ಲಿ ಎಲ್ಲ ಮಾತೂ ಅಲ್ಲಿಂದಲೇ ಶುರು. ಕೆಟ್ಟ ನೇಯ್ಗೆ ತಂದವನಿಗೂ ಅದೇ ಪ್ರಶ್ನೆ, ಉಪ್ಪಿಟ್ಟೋ ಚುರುಮುರಿಯೋ ತರಿಸಿ ಅವನು ತಿನ್ನುವವರೆಗೆ ಮನೆಯ ಸುದ್ದಿ, ಆಮೇಲೆ ಬೈಗುಳ. "ದಡಿ ನೋಡ್ ಹೆಂಗ ಹಾವಿನಂಗ ಹರದೈತಿ! ಬುದ್ಧಿ ಮಗ್ಗದ ಕುಣ್ಯಾಗ ಬಿಟ್ಟ್ ಬಂದಿಯೇನೋ?" ಎಂದು ಗದರುವಾಗ ಎದುರಿನವನ ಬಾಯಿ ತುಂಬ ಅವರೇ ಕೊಡಿಸಿದ ಉಪ್ಪಿಟ್ಟು ಇರುತ್ತಿದ್ದುದರಿಂದ ಅವನು ತಿರುಗಿ ಮಾತಾಡುವಂತಿರಲಿಲ್ಲ. ಇದು ಅವರ ಉಪಾಯವೇ ಇರಬೇಕು ಎಂದು ನಾನು ಬಹಳ ದಿನ ನಂಬಿದ್ದೆ.

ಬಾದಾಮಿಯಲ್ಲಿ ಒಮ್ಮೆ ನಮ್ಮ ಸಂಘದ ಮಳಿಗೆ ಹಾಕಿದ್ದೆವು. ಗುಹೆ ನೋಡಲು ಬಂದ ವಿದೇಶಿ ಹೆಂಗಸೊಬ್ಬಳು ಸೀರೆ ಹಿಡಿದು, ಮನೆಯ ಕಿಟಕಿಗೆ ಪರದೆ ಮಾಡುತ್ತೇನೆ ಎಂದಳು. ನಾನು ಖುಷಿಯಿಂದ ಕಟ್ಟಲು ಹೋದರೆ ಆಪಾ ಸೀರೆ ಕಸಿದುಕೊಂಡರು. ಆಮೇಲೆ ಆ ಹೆಂಗಸನ್ನು ಮಳಿಗೆಯ ಹಿಂದೆ ಕರೆದೊಯ್ದು, ಅವಳ ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿ, ನಿರಿಗೆ ಹಿಡಿದು, ಸೆರಗು ಹೊದಿಸಿ, ಕನ್ನಡಿ ತೋರಿಸಿದರು. ಅವಳು ಅದನ್ನು ಉಟ್ಟುಕೊಂಡೇ ಗುಹೆಯ ಮೆಟ್ಟಿಲು ಹತ್ತಲು ಹೋದಳು. "ಪರದೆ ಮಾಡ್ತಾಳಂತ ಪರದೆ! ನೇಯ್ದಾಂವ ಕೇಳಿದ್ರ ಎದಿ ಒಡಕೊಂಡಾನು" ಎಂದು ಆಪಾ ಸಂಜೆಯವರೆಗೆ ಗೊಣಗುತ್ತಿದ್ದರು.

ಆಗ ಮೇಲ್ ಎಂಬುದು ನಮ್ಮ ಕಡೆ ಹೊಸದು. ಟೆಲಿಫೋನ್ ತಂತಿಯಲ್ಲೇ ಇಂಟರ್‌ನೆಟ್ಟು. ಮೋಡೆಮ್ ಎಂಬ ಡಬ್ಬಿ ಕುಯ್ಯೋ ಎಂದು ಕೂಗಿ, ಕೆಮ್ಮಿ, ಸುಮ್ಮನಾದರೆ ಸೇರಿತು ಎಂದು ಲೆಕ್ಕ. ಅಷ್ಟರಲ್ಲಿ ಕರೆಂಟು ಹೋಗದಿದ್ದರೆ ನಮ್ಮ ಪುಣ್ಯ. ಬಾಗಲಕೋಟೆಯ ಕಚೇರಿಯಲ್ಲಿ ಮಾರಾಟದ ಉಸ್ತುವಾರಿ ಇದ್ದವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಹುನಗುಂದದ ಕಡೆಯವರು, ಮಾತು ಕಡಿಮೆ, ಶಿಸ್ತು ಜಾಸ್ತಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ, ಏನಿದ್ದರೂ ಮೇಲ್ ಮಾಡಿ ಎಂದು ಶಾಖೆಗಳಿಗೆಲ್ಲ ತಾಕೀತು ಮಾಡಿದವರು ಅವರೇ.

ಆಪಾ ಕೈಕಟ್ಟಿಕೊಂಡು ನನ್ನ ಹಿಂದೆ ನಿಂತು ಹೇಳುತ್ತಿದ್ದರು, ನಾನು ಬಡಿಯುತ್ತಿದ್ದೆ. ಕನ್ನಡ ಅಕ್ಷರ ಆ ತುದಿಯಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದುದರಿಂದ ಮಾತು ಕನ್ನಡ, ಅಕ್ಷರ ಇಂಗ್ಲಿಷು. ಕೆಲಸದ ವಿಷಯ ಮುಗಿದ ಮೇಲೆ ಆಪಾರದು ಒಂದು ಸಾಲು ಇದ್ದೇ ಇರುತ್ತಿತ್ತು. ಮಗಳ ಪರೀಕ್ಷೆ ಹೇಗಾಯಿತು? ನಿಮ್ಮ ಕಡೆ ಮಳೆ ಬಂತೇ? ನನಗೆ ನಾಚಿಕೆಯಾಗುತ್ತಿತ್ತು. ಸಾಹೇಬರೂ ಒಮ್ಮೆ ಮರಳಿ ಬರೆದರು, ಮೇಲ್‌ನಲ್ಲಿ ಕೆಲಸದ ಮಾತು ಮಾತ್ರ ಇರಲಿ ಎಂದು. ಓದಿ ಹೇಳಿದೆ. ಆಪಾ ನಕ್ಕರು.

"ಅಷ್ಟ್ ದೂರ ಹೋಗೂ ಪತ್ರ, ಬರೇ ರೇಷ್ಮಿ ಹೊತ್ಕೊಂಡ್ ಹೋಗಬೇಕೇನ? ಬರಿ ನೀ."

ಅಂಥ ದಿನಗಳಲ್ಲೇ ಆ ಕೆಟ್ಟ ರೇಷ್ಮೆ ಬಂತು. ಹೊಸ ಬಣ್ಣದವರಿಂದ ತರಿಸಿದ ಕೆಂಪು. ಅದರಲ್ಲಿ ನೇಯ್ದ ಮೊದಲ ಸೀರೆಗಳು ನೋಡಲು ಏನೂ ಊನವಿಲ್ಲದೆ ಇದ್ದವು, ಆಪಾರ ಹೆಬ್ಬೆರಳ ಪರೀಕ್ಷೆಯನ್ನೂ ಪಾಸು ಮಾಡಿ ಬಾಗಲಕೋಟೆಗೆ ಹೋಗಿದ್ದವು. ವಾರ ಕಳೆದ ಮೇಲೆ ಅದೇ ರೇಷ್ಮೆಯ ಇನ್ನೊಂದು ಸೀರೆಯನ್ನು ತೊಳೆದು ನೋಡಿದಾಗ ಬಣ್ಣ ಹರಿದು ಸೆರಗೆಲ್ಲ ರಾಡಿಯಾಯಿತು. ಬಾಗಲಕೋಟೆಯಲ್ಲಿದ್ದ ಗಂಟು ಇನ್ನೇನು ಪುಣೆಯ ಅಂಗಡಿಗೆ ಹೊರಡುವುದರಲ್ಲಿತ್ತು. ಆಪಾ ಫೋನ್ ಮಾಡಿದರೆ, ಸಾಹೇಬರು ತಾಯಿಯನ್ನು ದವಾಖಾನೆಗೆ ಕರೆದೊಯ್ದಿದ್ದಾರೆ, ಹಾಸಿಗೆ ಹಿಡಿದಿದ್ದಾರಂತೆ, ಊಟವೇ ಸೇರುತ್ತಿಲ್ಲವಂತೆ ಎಂದು ಅಲ್ಲಿನ ಜವಾನ ಹೇಳಿದ. ಸರಿ, ಮೇಲ್ ಬರೆಸಿದರು. ಆ ಗಂಟು ಕಳಿಸಬೇಡಿ, ಬಣ್ಣ ಬಿಡುತ್ತದೆ, ಇಲ್ಲಿಗೆ ವಾಪಸ್ ಮಾಡಿ ಎಂದು. ನಾನು ಇನ್ನೇನು ಕಳಿಸುವವಳು, ಭುಜ ತಟ್ಟಿದರು.

"ತಡಿ, ಇನ್ನೊಂದು ಸಾಲೈತಿ. ಅಮ್ಮಾರಿಗೆ ಊಟ ಸೇರಲಿಲ್ಲಂದ್ರ ಜ್ವಾಳದ ಅಂಬಲಿ ಮಾಡಿ, ತಿಳಿ ಮಜ್ಜಿಗಿ ಹಾಕಿ, ಹುರದ ಜೀರಗಿ ಪುಡಿ ಉದರಿಸಿ ಕೊಡ್ರಿ. ಬಿಸೀದು ಬ್ಯಾಡ, ಉಗುರಬೆಚ್ಚಗಿರ್ಲಿ."

"ಆಪಾ, ರೇಷ್ಮಿ ಮೇಲ್‌ನ್ಯಾಗ ಅಂಬಲಿ ಹೆಂಗ್ ಬರೀಲಿ?"

"ಕೈಲೇ ಬರಿ."

ಬರೆದೆ. ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದ್ದರೆಂದು, ಓದಿದಾಗ ತಿಳಿಸು ಎಂಬ ಗುಂಡಿಯನ್ನೂ ಒತ್ತಿದೆ. ಸಂಜೆ ಕಚೇರಿ ಮುಚ್ಚುವ ಮೊದಲು, ಓದಿದರೆಂಬ ರಶೀದಿ ಬಂತು. "ಓದ್ಯಾರ ಆಪಾ!" ಎಂದು ಕೂಗಿ ಹೇಳಿದೆ. ಆಪಾ ನಿಶ್ಚಿಂತರಾಗಿ ಕೊಡೆ ಎತ್ತಿಕೊಂಡರು.

ಗಂಟು ಪುಣೆಗೆ ಹೋಯಿತು. ಕೆಲವೇ ವಾರಗಳಲ್ಲಿ ಗಿರಾಕಿಗಳ ಶಾಪ ಹೊತ್ತುಕೊಂಡು ವಾಪಸ್ ಬಂತು. ಆ ಅಂಗಡಿಯವರು ನಮ್ಮ ಸಹವಾಸವೇ ಬೇಡ ಎಂದು ಕೈತೊಳೆದುಕೊಂಡರು. ಕಳಿಸಬೇಡಿ ಎಂದು ಬರೆದಿದ್ದೆವಲ್ಲ ಎಂದು ನಾವು ಹೇಳಿದರೆ, ಅಂಥ ಮೇಲ್ ನಾನು ನೋಡೇ ಇಲ್ಲ ಎಂದು ಸಾಹೇಬರು ಹೇಳಿದರು. ಚೇರ್ಮನ್ನರು ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುವುದೆಂದಾಯಿತು. ಮೇಲ್ ಹೋಗಿಲ್ಲವೆಂದರೆ ಕಳಿಸಬೇಕಾದವಳು ನಾನು. ನನ್ನ ಆರು ತಿಂಗಳೂ ಆ ವಾರವೇ ಮುಗಿಯುವುದರಲ್ಲಿತ್ತು.

ಬಸ್ಸಿನಲ್ಲಿ ಇಳಕಲ್ಲಿನಿಂದ ಬಾಗಲಕೋಟೆಯವರೆಗೆ ಮೇಲ್‌ನ ಪ್ರಿಂಟನ್ನೂ ರಶೀದಿಯ ಪ್ರಿಂಟನ್ನೂ ಎದೆಗೊತ್ತಿಕೊಂಡು ಕೂತಿದ್ದೆ. ನನ್ನ ಹತ್ತಿರ ಪುರಾವೆ ಇದೆ ಎಂಬ ಧೈರ್ಯ. ಆ ಧೈರ್ಯ ಮೀಟಿಂಗಿನಲ್ಲಿ ಚಹಾ ಬರುವವರೆಗೂ ಬಾಳಲಿಲ್ಲ. ಕಂಪ್ಯೂಟರ್ ರಿಪೇರಿಗೆ ವಿದ್ಯಾಗಿರಿಯಿಂದ ಬರುತ್ತಿದ್ದ ಜಾಣನೊಬ್ಬನನ್ನು ಕರೆಸಿದ್ದರು. ಅವನು ರಶೀದಿ ಓದಿ ಹೇಳಿದ.

"ಮೇಲ್ ಪರದೆ ಮ್ಯಾಲ ತೆರಕೊಂಡೈತಿ ಅಂತಷ್ಟ ಇದು ಹೇಳತೈತ್ರಿ. ಯಾರ್ ತೆರದ್ರು, ಓದಿದ್ರೋ ಇಲ್ಲೋ, ಅದಕ್ಕ ಗೊತ್ತಿಲ್ಲ."

ಸಾಹೇಬರ ಕಂಪ್ಯೂಟರಿನಲ್ಲಿ ನೋಡೋಣವೆಂದರೆ, ವೈರಸ್ ಬಂದು ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದರು. ನಮ್ಮ ಕಂಪ್ಯೂಟರಿನಲ್ಲಿದೆಯಲ್ಲ ಎಂದೆ. ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಬರೆದರೆ ಹಳೆಯ ತಾರೀಖೇ ಬೀಳುತ್ತದೆ, ಪ್ರಿಂಟನ್ನು ಯಾರು ಬೇಕಾದರೂ ಟೈಪು ಮಾಡಬಹುದು ಎಂದ. ಅವನದು ದ್ವೇಷವಲ್ಲ, ಕೇಳಿದ್ದಕ್ಕೆ ಉತ್ತರ. ಆದರೆ ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಆ ನೋಟದ ಅರ್ಥ ಕೆಲಸಗಳ್ಳಿ ಎಂದಷ್ಟೇ ಆಗಿರಲಿಲ್ಲ, ಸುಳ್ಳುಗಾತಿ ಎಂದು. ಚೇರ್ಮನ್ನರು ಮೇಲ್‌ನ ಪ್ರಿಂಟನ್ನು ದೊಡ್ಡದಾಗಿ ಓದಿದರು. ಅಂಬಲಿಯ ಸಾಲು ಬಂದಾಗ ಯಾರೋ ಕಿಸಕ್ಕೆಂದು ನಕ್ಕರು. ಸಾಹೇಬರು ಮಾತ್ರ ತಲೆ ಬಗ್ಗಿಸಿ ಮೇಜಿನ ಅಂಚು ಕೆರೆಯುತ್ತಿದ್ದರು.

"ನೋಡ್ರಿ ಆಪಾ, ಹುಡುಗಿ ಸಣ್ಣದೈತಿ, ಮರತಿರಬೇಕು, ಆಮ್ಯಾಲ ಹೆದರಿ ಇದನ್ನೆಲ್ಲ ಮಾಡಿರಬೇಕು. ದೊಡ್ಡದು ಮಾಡೂದು ಬ್ಯಾಡ. ಅಕೀಗೆ ಮುಂದಿನ ಆರು ತಿಂಗಳ ಆರ್ಡರ್ ಕೊಡೂದು ಬಿಟ್ಟ್ರ ಆತು" ಎಂದರು ಚೇರ್ಮನ್ನರು.

"ಮೇಲ್ ನಾ ನಿಂತು ಬರಸೇನ್ರಿ. ಹೋಗೇತಿ" ಎಂದಷ್ಟೇ ಅಂದರು ಆಪಾ. ಅಷ್ಟಕ್ಕೇ ನಿಲ್ಲಿಸಿದರು. ನನಗೆ ಅಳುವೇ ಬಂತು. ಬೇರೆ ದಿನ ಒಂದು ಸೊಟ್ಟ ದಡಿಗೆ ಊರು ಒಂದು ಮಾಡುವ ಹೆಂಗಸು, ನನ್ನ ಅನ್ನದ ಪ್ರಶ್ನೆ ಬಂದಾಗ ಇಷ್ಟು ಮೆತ್ತಗಾಗಬೇಕೇ?

ಚಹಾಕ್ಕೆಂದು ಎದ್ದೆವು. ಹೊರಗಿನ ಕಟ್ಟೆಯ ಮೇಲೆ ಕೂತಾಗ ಜವಾನ ಲೋಟ ಕೊಡುತ್ತ ಮೆಲ್ಲಗೆ ಹೇಳಿದ, ಸಾಹೇಬರ ತಾಯಿ ತೀರಿಕೊಂಡು ತಿಂಗಳಾಗುತ್ತ ಬಂತು, ಊರಲ್ಲೇ ಮಣ್ಣು ಮಾಡಿದರು, ಈ ಸೀರೆಯ ಗದ್ದಲದಲ್ಲಿ ಕಚೇರಿಯಿಂದ ಯಾರೂ ಹೋಗಲಿಲ್ಲ ಎಂದು. ಆಪಾ ಲೋಟ ಕೆಳಗಿಟ್ಟರು. ಸೆರಗು ತಲೆಗೆ ಎಳೆದುಕೊಂಡು ಎದ್ದು ಹೋಗಿ, ದೂರದಲ್ಲಿ ಒಬ್ಬರೇ ನಿಂತಿದ್ದ ಸಾಹೇಬರನ್ನು ಕರೆತಂದು ಕಟ್ಟೆಯ ಮೇಲೆ ಕೂರಿಸಿದರು.

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಹೋಗುವುದು ಎಂದರೆ ಸುಮ್ಮನೆ ಕೈಮುಗಿದು ಬರುವುದಲ್ಲ. ಎಲ್ಲವನ್ನೂ ಕೇಳಬೇಕು. ಯಾವಾಗಿನಿಂದ ಆರಾಮಿರಲಿಲ್ಲ, ಹತ್ತಿರ ಯಾರಿದ್ದರು, ಕಡೆಗೆ ಏನು ಮಾತಾಡಿದರು, ಏನು ಉಂಡರು. ಹೇಳುತ್ತ ಹೇಳುತ್ತ ಅವರ ಎದೆ ಹಗುರಾಗಬೇಕು. ಆಪಾ ಆ ಕಟ್ಟೆಯ ಮೇಲೆಯೇ ಕೇಳತೊಡಗಿದರು. ಸಾಹೇಬರು ಮೊದಲು ತಡೆತಡೆದು, ಆಮೇಲೆ ನಿಲ್ಲಿಸಲಾರದೆ ಹೇಳತೊಡಗಿದರು. ನಾನು ಪಕ್ಕದಲ್ಲಿ ಕೂತು ಒಳಗೊಳಗೇ ಕುದಿಯುತ್ತಿದ್ದೆ. ನನ್ನ ಕೆಲಸ ಹೋಗುತ್ತಿದೆ, ಇವರು ನನ್ನ ಎದುರಾಳಿಯನ್ನು ಮಾತಾಡಿಸುತ್ತಿದ್ದಾರೆ!

"ಕಡೀಕ ಬಾಯಿಗೆ ಏನರ ಹಾಕ್ಕೊಂಡ್ರೇನ್ರಿ?" ಎಂದು ಕೇಳಿದರು ಆಪಾ.

"ಏನ್ ಕೊಟ್ಟ್ರೂ ಒಲ್ಲೆ ಅಂತಿದ್ಳು. ನೀವು ಹೇಳಿದ್ರಲ್ಲಾ ಆಪಾ, ಅಂಬಲಿ... ಅದನ್ನ ಮಾಡಿಸಿದೆ. ಜೀರಗಿ ವಾಸನಿ ಬಂತು ನೋಡ್ರಿ, ಕಣ್ಣ್ ತಗದ್ಳು. ಯಾರ್ ಮಾಡ್ಯಾರ ಅಂತ ಕೇಳಿದ್ಳು. ಹೋಗೂತನಕ ಅದೊಂದ ಕುಡದ್ಳು."

ಅಂಬಲಿಯ ಮಾತು ಇದ್ದದ್ದು ಆ ಒಂದೇ ಮೇಲ್‌ನಲ್ಲಿ. ತಾಯಿ ಬದುಕಿದ್ದಾಗಲೇ ಅದನ್ನು ಮಾಡಿಸಿದ್ದಾರೆಂದರೆ ಮೇಲ್ ತೆರೆದವರು, ಓದಿದವರು ಇವರೇ! ಬಾಯಿ ತೆರೆದೇಬಿಟ್ಟಿದ್ದೆ. ಆಪಾ ನನ್ನ ಕಡೆ ನೋಡದೆಯೇ ನನ್ನ ಮುಂಗೈ ಹಿಡಿದು ಎಷ್ಟು ಬಲವಾಗಿ ಒತ್ತಿದರೆಂದರೆ ಬಳೆ ಚುಚ್ಚಿ ನೋವಾಯಿತು. ನಾನು ಬಾಯಿ ಮುಚ್ಚಿಕೊಂಡೆ. ಸಾಹೇಬರೂ ತಟ್ಟನೆ ಮಾತು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು. ಆಪಾರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಖರೆ ಕಣ್ಣ್ ತಗದ್ರೇನ್ರಿ? ಯಾ ಅಲ್ಲಾ, ಅಷ್ಟರ ಆತಲ್ಲ" ಎಂದರು. ಆಮೇಲೆ ತಾವು ಮುಟ್ಟಿರದ ಲೋಟವನ್ನು ಎತ್ತಿ ಸಾಹೇಬರ ಕೈಗೆ ಕೊಟ್ಟರು. ಅವರು ಅದನ್ನು ಕುಡಿದು ಮುಗಿಸುವವರೆಗೆ ಮೂವರಲ್ಲಿ ಯಾರೂ ಮಾತಾಡಲಿಲ್ಲ.

ಮತ್ತೆ ಒಳಗೆ ಸೇರಿದೆವು. ಚೇರ್ಮನ್ನರು ಪೆನ್ನಿನ ಟೋಪಿ ತೆಗೆದರು. ಸಾಹೇಬರು ಎದ್ದು ನಿಂತರು.

"ಆ ಮೇಲ್ ನಾ ತೆರದೇನ್ರಿ. ದವಾಖಾನಿಯಿಂದ ಬಂದು ನಿಂತ್ಕೊಂಡ ತೆರದೆ. ಅವ್ವನ ಮಾತು ಕಂಡ ಕೂಡ್ಲೆ ಕಣ್ಣು ಅಲ್ಲೇ ಹೋತು. ಆ ಕಡೀ ಸಾಲಷ್ಟ ಓದಿದೆ, ಮನಿಗೆ ಓಡಿದೆ. ಮ್ಯಾಲಿಂದು ಓದಲಿಲ್ಲ. ತಪ್ಪು ನಂದು. ಆ ಹುಡುಗೀದು ಏನೂ ಇಲ್ಲ."

ಆಪಾ ಎದ್ದು, ಕೆಲಸದ ಮಾತಿನ ಬಾಲಕ್ಕೆ ಮನೆಯ ಮಾತು ಕಟ್ಟಿದವಳು ನಾನು, ಅರ್ಧ ತಪ್ಪು ನನ್ನದೂ ಬರೆದುಕೊಳ್ಳಿ ಎಂದರು. ಚೇರ್ಮನ್ನರು ಪೆನ್ನಿನ ಟೋಪಿ ಮುಚ್ಚಿದರು. ಯಾರದನ್ನೂ ಬರೆದುಕೊಳ್ಳಲಿಲ್ಲ. ಸಾಹೇಬರಿಗೆ ಎಚ್ಚರಿಕೆಯ ಮಾತು ಹೇಳಿದರು, ನನಗೆ ಮುಂದಿನ ಆರ್ಡರು ಕೊಟ್ಟರು.

ಮರಳುವ ಬಸ್ಸಿನಲ್ಲಿ ಅಮೀನಗಡ ದಾಟುವವರೆಗೆ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ.

"ಅಂಬಲಿ ಅಂದಕೂಡ್ಲೆ ನಿಮಗ ಗೊತ್ತಾತಿಲ್ರಿ ಆಪಾ?"

"ಆತು. ನನಗೇನ್ ಬುದ್ಧಿ ಇಲ್ಲೇನ?"

"ಮತ್ತ್ ನನ್ನ ಕೈ ಯಾಕ್ ಹಿಡದ್ರಿ?"

"ತಾಯಿ ಸತ್ತ ಮಾತು ಹೇಳಾಕತ್ತಿದ್ರು ತಂಗಿ. ಅದನ್ನ ಹಿಡಕೊಂಡು ಪಂಚಾಯ್ತಿ ಮಾಡಾಕ ನನಗ ಬರಂಗಿಲ್ಲ."

"ಅವರು ಒಳಗ ಹೋಗಿ ಸುಮ್ನ ಕುಂತಿದ್ರ? ನನ್ನ ಕೆಲಸ?"

"ನಾ ಹೇಳ್ತಿದ್ದೆ. ನಿನ್ನ ಅಲ್ಲೇ ಬಿಟ್ಟ್ ಬರ್ತಿದ್ದೆನೇನ? ಆದ್ರ ಮೊದಲ ಅವರ ಪಾಳಿ ಇತ್ತು" ಎಂದು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ನನಗೆ ಈ ಉತ್ತರ ಅಷ್ಟಾಗಿ ಹಿಡಿಸಲಿಲ್ಲ. ಪುರಾವೆ ಕೈಗೆ ಸಿಕ್ಕಿದ್ದಾಗ ಇಷ್ಟು ಉದಾರತನ ಯಾಕೆ, ಅದೂ ನನ್ನ ಅನ್ನದ ಮೇಲೆ ಎಂದುಕೊಂಡೆ. ಗೆದ್ದದ್ದಾಯಿತು, ಇನ್ನೂ ಸುಲಭದಲ್ಲಿ ಗೆಲ್ಲಬಹುದಿತ್ತು ಎಂದೇ ಬಹಳ ವರ್ಷ ನಂಬಿದ್ದೆ.

ಮರುದಿನದಿಂದ ಆಪಾ ಹೊಸ ಪದ್ಧತಿ ತಂದರು. ಕೆಲಸಕ್ಕೊಂದು ಮೇಲ್, ಮನೆಯ ಮಾತಿಗೆ ಇನ್ನೊಂದು. ಕರೆಂಟು ಹೋಗಿ ಬಂದು ಮಾಡುವ ಊರಲ್ಲಿ ನನ್ನ ಗೋಳು ಎರಡರಷ್ಟಾಯಿತು. ಎಷ್ಟೋ ಸಲ ಕೆಲಸದ್ದು ಹೋಗದೆ ಮನೆಯದಷ್ಟೇ ಹೋಗುತ್ತಿತ್ತು. ಆಗ ಮಾತ್ರ ಆಪಾ, "ಇರ್ಲಿ ಬಿಡು, ಬೇಕಾದ್ದು ಮುಟ್ಟತಲ್ಲ" ಎನ್ನುತ್ತಿದ್ದರು.

ಆ ದಶಕ ಮುಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವರನ್ನು ಒಳಗಿನಿಂದ ತಿಂದಿತ್ತು. ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಸಂಘದವರು ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನಾನು ಸಂಜೆ ಅವರ ಮನೆಗೆ ಸೀರೆ ಒಯ್ದರೆ ಹೆಬ್ಬೆರಳು ತಿಕ್ಕಿ ನನ್ನ ಮುಂದೆ ಹಿಡಿದು, "ಕೆಂಪ ಐತೇನ ನೋಡ ತಂಗಿ" ಎಂದು ಕೇಳುತ್ತಿದ್ದರು. ಒಂದು ಮುಂಜಾನೆ ಅವರ ತಮ್ಮನ ಫೋನು ಬಂತು. ಮಣ್ಣಿಗೆ ಒಯ್ಯುವ ಮೊದಲು ಅಂಗಳದಲ್ಲಿ ನೇಕಾರರು ಬೀದಿಯ ತುದಿಯವರೆಗೆ ನಿಂತಿದ್ದರು. ಅವರಲ್ಲಿ ಆಪಾರಿಂದ ಬೈಸಿಕೊಳ್ಳದವರು ಒಬ್ಬರೂ ಇರಲಿಲ್ಲ.

ಕೆಲವು ದಿನ ಕಳೆದು ಸಾಹೇಬರು ಇಳಕಲ್ಲಿಗೆ ಬಂದರು. ಸಂಘ ಬಿಟ್ಟು ಹುನಗುಂದದಲ್ಲಿ ಸ್ವಂತ ಅಂಗಡಿ ಇಟ್ಟಿದ್ದರು, ತಲೆಯೆಲ್ಲ ಬೆಳ್ಳಗಾಗಿತ್ತು. ಆಪಾರ ತಮ್ಮನ ಮನೆಯ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ಎಷ್ಟು ದಿನ ಮಲಗಿದ್ದರು, ಯಾರಿದ್ದರು, ಏನು ಉಂಡರು. ತಮ್ಮ ಹೇಳಿದ, ನಾನೂ ಹೇಳಿದೆ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿದರು.

"ಅವತ್ತು ಕಟ್ಟಿ ಮ್ಯಾಲ ನೀವು ಬಾಯಿ ತಗದಿದ್ರಲ್ಲಾ, ನಾ ಕಂಡೆ. ಅಂಬಲಿ ಮಾತು ಬಾಯಿ ಜಾರಿ ಬಂದಿತ್ತು. ಆಪಾ ಅದನ್ನ ಫೋನಿನ್ಯಾಗ ಹೇಳಿದ್ರು ಅಂತ ಅನ್ನಾಂವ ಇದ್ದೆ. ಮಾತು ತುಟೀಗೆ ಬಂದಿತ್ತು. ಫೋನಿಗೆ ಸಾಕ್ಷಿ ಎಲ್ಲಿರತೈತ್ರಿ? ನೀವು ಒಂದ್ ಮಾತು ಅಂದಿದ್ರ ಅಂದ್ ಬಿಡ್ತಿದ್ದೆ, ಮುಂದ ಜನ್ಮಪೂರ್ತಿ ಅದನ್ನ ಅನಬೇಕಾಗ್ತಿತ್ತು. ನೀವು ಯಾರೂ ಏನೂ ಅನ್ನಲಿಲ್ಲ. ಆಪಾ ನಮ್ಮವ್ವಗ ಅಳಾಕತ್ತಿದ್ರು."

ಅವರು ಬೀದಿ ತಿರುಗಿ ಹೋದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ. ಅಂದು ನಾನು ಆ ಪುರಾವೆಯನ್ನು ಎತ್ತಿ ಹಿಡಿದಿದ್ದರೆ ಅದು ಆ ಕ್ಷಣವೇ ಸುಳ್ಳಾಗುತ್ತಿತ್ತು, ನನ್ನ ನೌಕರಿಯೂ ಅದರ ಜೊತೆ ಹೋಗುತ್ತಿತ್ತು. ಇಷ್ಟು ವರ್ಷ ನಾನು ಉಂಡ ಅನ್ನ ಆಪಾರ ಸುಮ್ಮನಿರುವಿಕೆಯಿಂದ ಬಂದದ್ದು. ಅವರ ಮನೆಯ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಿ ಇದನ್ನು ಹೇಳೋಣವೆಂದರೆ ಹೇಳಬೇಕಾದವರು ಇರಲಿಲ್ಲ.